ತಟ್ಟೆ ನೋಡಿ ಹೇಳಿದ ದೊಡ್ಡಮ್ಮ

ಶಿಡ್ಲಘಟ್ಟದ ಒಂದು ಸರಕಾರಿ ಹೈಸ್ಕೂಲಿನಲ್ಲಿ ನಾನು ಏಳು ವರ್ಷ ವಿಜ್ಞಾನ ಪಾಠ ಮಾಡಿದೆ. ಮನೆ ಚಿಕ್ಕಬಳ್ಳಾಪುರದಲ್ಲಿ. ಬೆಳಗ್ಗೆ ಎಂಟರ ಬಸ್ಸಿಗೆ ಹೋಗಿ ಸಂಜೆ ಐದರ ಬಸ್ಸಿಗೆ ವಾಪಸ್ಸು. ಪಾಠದ ಜೊತೆಗೆ ಇನ್ನೊಂದು ಕೆಲಸವನ್ನೂ ನನಗೆ ಒಪ್ಪಿಸಿದ್ದರು. ಮಾದಕ ವಸ್ತುಗಳ ವಿರುದ್ಧ ಮಕ್ಕಳಲ್ಲಿ ಜಾಗೃತಿ ಮೂಡಿಸುವ ಕಾರ್ಯಕ್ರಮ ವರ್ಷಕ್ಕೊಂದು ಆಗಬೇಕು, ಅದರ ಹೊಣೆ ನನ್ನದು. ನಾನು ಅದನ್ನು ಶ್ರದ್ಧೆಯಿಂದಲೇ ಮಾಡುತ್ತಿದ್ದೆ. ಪ್ರಬಂಧ ಸ್ಪರ್ಧೆ, ಚಿತ್ರ ಸ್ಪರ್ಧೆ, ಪ್ರಾರ್ಥನೆಯ ಹೊತ್ತಿನಲ್ಲಿ ಬಲಗೈ ಮುಂದಕ್ಕೆ ಚಾಚಿ ಪ್ರತಿಜ್ಞೆ. ಫೋಟೊ ತೆಗೆದು ಮೇಲಿನ ಆಫೀಸಿಗೆ ಕಳುಹಿಸಿಬಿಟ್ಟರೆ ಆ ವರ್ಷಕ್ಕೆ ಮುಗಿಯಿತು ಎಂದುಕೊಳ್ಳುತ್ತಿದ್ದೆ.

ಮಕ್ಕಳನ್ನು ಕಾಯುವುದು ಎಂದರೇನು ಎಂದು ನನಗೆ ನಿಜವಾಗಿ ಕಲಿಸಿದವರು ಆ ಶಾಲೆಯ ಇಬ್ಬರು ಹೆಂಗಸರು. ಒಬ್ಬರು ನಮ್ಮ ಹೆಡ್‌ಮೇಡಂ. ಅದೇ ಊರಿನವರು, ರೇಷ್ಮೆ ನೂಲು ತೆಗೆಯುವ ಮನೆತನದ ಹೆಣ್ಣುಮಗಳು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ತಿಳಿಯಾದ ಕನ್ನಡ. ಗಣಿತ ಹೇಳಿಕೊಡುತ್ತಿದ್ದರು. ಅವರು ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ. ತಪ್ಪು ಮಾಡಿದ ಹುಡುಗನನ್ನು ಅವರ ಮುಂದೆ ತಂದು ನಿಲ್ಲಿಸಿದರೆ ಅವರ ಮೊದಲ ಮಾತು, “ಹೋಗು, ನೀರು ಕುಡಿದು ಬಾ.” ಇನ್ನೊಬ್ಬರು ಬಿಸಿಯೂಟದ ಅಡುಗೆಯವರು. ಐವತ್ತು ದಾಟಿದ ವಯಸ್ಸು, ಮನೆಮಾತು ತೆಲುಗು, ಓದಿದ್ದು ಮೂರನೇ ಕ್ಲಾಸಿನ ತನಕ. ಮಕ್ಕಳು ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದರು. ಕೇಳಿ ಕೇಳಿ ನಮಗೆಲ್ಲರಿಗೂ ಅವರು ದೊಡ್ಡಮ್ಮನೇ ಆದರು.

ಒಂದು ಮಧ್ಯಾಹ್ನ ನಾನು ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಟೆಸ್ಟ್ ಪೇಪರು ತಿದ್ದುತ್ತಿದ್ದೆ. ದೊಡ್ಡಮ್ಮ ಬಾಗಿಲ ಹತ್ತಿರ ಬಂದು ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಲ್ಲಿಂದಲೇ ಹೇಳಿದರು.

“ಟೀಚರಮ್ಮ, ಒಂಬತ್ತನೇ ಕ್ಲಾಸಲ್ಲಿ ಐದು ಹುಡುಗ್ರು ಊಟ ಬಿಟ್ಟವ್ರೆ. ತಟ್ಟೆಗೆ ಹಾಕಿಸ್ಕೊಂತಾರೆ, ಕಲಸ್ತಾರೆ, ಹಂಗೇ ತಗೊಂಡೋಗಿ ತೊಟ್ಟಿಗೆ ಸುರೀತಾರೆ. ಎರಡು ವಾರದಿಂದ ನೋಡ್ತಾ ಇದೀನಿ.”

“ಬೇಕರೀಲಿ ಏನಾದ್ರೂ ತಿಂದಿರ್ತಾರೆ ಬಿಡಿ, ದೊಡ್ಡಮ್ಮ.”

“ಬೇಕರೀಲಿ ತಿಂದೋರು ಯಾರು, ಹೊಟ್ಟೆ ನೋವು ಯಾರಿಗೆ, ಅದೆಲ್ಲ ನಂಗೆ ತಿಳೀತದಮ್ಮ. ಇವ್ರು ಹತ್ರ ಬಂದ್ರೆ ಪಂಚರ್ ಅಂಗಡಿ ವಾಸನೆ ಬತ್ತದೆ. ಮೂಗಿನ ಕೆಳಗೆ ಚರ್ಮ ಕೆಂಪಗೆ ಒಡೆದೈತೆ. ಕೂಗಿದ್ರೆ ಎಲ್ಲೋ ನೋಡ್ತಾರೆ.”

“ಸರಿ, ನಾನು ವಿಚಾರಿಸ್ತೀನಿ,” ಎಂದೆ. ಅವರು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ನಾನು ತಲೆ ತಗ್ಗಿಸಿ ಮತ್ತೆ ಪೇಪರು ತಿದ್ದಲು ಶುರು ಮಾಡಿದ ಮೇಲೆ ಹೋದರು.

ನಾನು ವಿಚಾರಿಸಲಿಲ್ಲ. ಮರೆತೆ ಎಂದರೆ ಅದೂ ಪೂರ್ತಿ ನಿಜವಲ್ಲ. ಅನ್ನ ಬಡಿಸುವವರು ಬಂದು ನನಗೆ ನನ್ನ ವಿಷಯವನ್ನು ಹೇಳಿಕೊಟ್ಟರಲ್ಲ ಎಂಬ ಸಣ್ಣ ಬಿಗುಮಾನ ಒಳಗೆ ಇತ್ತು. ಈಗ ಬರೆಯುವಾಗಲೂ ಅದನ್ನು ಒಪ್ಪಿಕೊಳ್ಳಲು ಕಷ್ಟವಾಗುತ್ತದೆ.

ಹತ್ತು ದಿನ ಕಳೆದಿರಬೇಕು. ಊಟ ಮುಗಿದು ಮಕ್ಕಳು ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದರು. ಒಮ್ಮೆಲೇ ಕಿರುಚಾಟ. ಓಡಿಹೋಗಿ ನೋಡಿದರೆ ಒಂಬತ್ತನೇ ಕ್ಲಾಸಿನ ಲೀಡರ್ ಹುಡುಗ ನೆಲದ ಮೇಲೆ ಕೂತಿದ್ದಾನೆ. ಹುಬ್ಬು ಸೀಳಿ ಮುಖದ ಮೇಲೆಲ್ಲ ರಕ್ತ. ಎದುರಿಗೆ ಸ್ಟೀಲ್ ತಟ್ಟೆ ಹಿಡಿದು ನಿಂತವನು ಅದೇ ಕ್ಲಾಸಿನ ಇನ್ನೊಬ್ಬ ಹುಡುಗ. ಬಹಳ ಚೆನ್ನಾಗಿ ಚಿತ್ರ ಬರೆಯುತ್ತಿದ್ದವನು. ನಾನೇ ನಡೆಸಿದ ಮಾದಕ ವಸ್ತು ವಿರೋಧಿ ಚಿತ್ರ ಸ್ಪರ್ಧೆಯಲ್ಲಿ ಅವನಿಗೆ ಮೊದಲನೇ ಬಹುಮಾನ ಬಂದಿತ್ತು. ಅವನು ನನ್ನನ್ನು ನೋಡಿದ. ಆದರೆ ನಾನು ಯಾರೆಂದು ಅವನಿಗೆ ತಿಳಿದಂತೆ ಕಾಣಲಿಲ್ಲ.

ಲೀಡರ್ ಹುಡುಗ ಎಲ್ಲರ ಮುಂದೆ, “ನಿನ್ನ ಬಾಯಿ ವಾಸನೆ ಕಣೋ, ದೂರ ನಿಂತ್ಕೋ,” ಎಂದಿದ್ದನಂತೆ. ಅಷ್ಟಕ್ಕೇ ಚಿತ್ರ ಬರೆಯುವ ಹುಡುಗ ತಟ್ಟೆ ಬೀಸಿದ್ದ.

ಹೆಡ್‌ಮೇಡಂ ತಮ್ಮ ಸೆರಗನ್ನೇ ಮಡಚಿ ಗಾಯಕ್ಕೆ ಒತ್ತಿ ಹಿಡಿದು, ಆಟೋದಲ್ಲಿ ಮಗುವನ್ನು ಪಕ್ಕಕ್ಕೆ ಒರಗಿಸಿಕೊಂಡು ಆಸ್ಪತ್ರೆಗೆ ಹೋದರು. ನಾಲ್ಕು ಹೊಲಿಗೆ ಬಿದ್ದವು. ಕಣ್ಣು ಉಳಿದಿದ್ದು ಪುಣ್ಯ. ಹುಡುಗನ ಅಪ್ಪ ಮನೆ ಕಟ್ಟುವ ಮೇಸ್ತ್ರಿ. ಕೆಲಸ ಬಿಟ್ಟು, ಮೈಮೇಲಿನ ಸಿಮೆಂಟಿನ ಧೂಳಿನಲ್ಲೇ ಓಡಿ ಬಂದರು. ಅವರ ಕೋಪ ನ್ಯಾಯವಾಗಿಯೇ ಇತ್ತು.

“ನಮ್ಮುಡುಗನ್ನ ಓದೋಕೆ ಕಳ್ಸಿದ್ದು ಮೇಡಂ, ಹೊಡೆಸ್ಕೊಳ್ಳೋಕಲ್ಲ!”

“ನಿಮ್ಮ ಮಾತು ಸರಿ,” ಎಂದರು ಹೆಡ್‌ಮೇಡಂ. “ಅವನನ್ನ ನನ್ನ ಕೈಗೆ ಕೊಟ್ಟು ಹೋಗಿದ್ರಿ. ನಾನು ನೋಡ್ಕೋಬೇಕಿತ್ತು, ನೋಡ್ಕೊಳ್ಳಲಿಲ್ಲ. ಕಂಪ್ಲೇಂಟ್ ಕೊಡೋದಾದ್ರೆ ಮೊದ್ಲು ನನ್ನ ಹೆಸರು ಬರೆಯಿರಿ. ಆ ಹುಡುಗನ ಹೆಸರು ಆಮೇಲೆ ಬರಲಿ.”

ಮೇಸ್ತ್ರಿ ಬೈಯಲು ಬಂದವರು. ಬೈಗುಳಕ್ಕೆ ಎದುರು ಮಾತು ಬರುತ್ತದೆ ಎಂದು ಸಿದ್ಧವಾಗಿದ್ದರು. ಇದನ್ನು ಕೇಳಿ ಮಗನ ಪಕ್ಕದಲ್ಲಿ ಕೂತುಬಿಟ್ಟರು. ಮೇಡಂ ಅಂದೇ ಸಂಜೆ ನಡೆದದ್ದನ್ನೆಲ್ಲ ಬರೆದು ಮೇಲಿನ ಆಫೀಸಿಗೂ ಕಳುಹಿಸಿದರು. ಒಂದು ಸಾಲನ್ನೂ ಮುಚ್ಚಿಡಲಿಲ್ಲ.

ಮಾರನೆಯ ದಿನ ಸ್ಟಾಫ್ ಮೀಟಿಂಗು. ಹೆಚ್ಚಿನವರ ಅಭಿಪ್ರಾಯ ಒಂದೇ, ಆ ಹುಡುಗನಿಗೆ ಟಿ.ಸಿ. ಕೊಟ್ಟು ಕಳುಹಿಸಬೇಕು. ಉಳಿದ ಮಕ್ಕಳ ಗತಿಯೇನು, ನಾಳೆ ಇನ್ನೊಬ್ಬನ ಕಣ್ಣು ಹೋದರೆ ಯಾರು ಹೊಣೆ? ಆ ಮಾತಿನಲ್ಲೂ ತಪ್ಪೇನಿರಲಿಲ್ಲ. ಹೆಡ್‌ಮೇಡಂ ಎಲ್ಲರ ಮಾತು ಮುಗಿಯುವ ತನಕ ಕಾದು, ಆಮೇಲೆ ಕೇಳಿದರು.

“ಈ ಹುಡುಗ ಹೀಗಾಗಿದಾನೆ ಅಂತ ನಿಮ್ಮಲ್ಲಿ ಯಾರಿಗಾದ್ರೂ ಮೊದಲೇ ಗೊತ್ತಿತ್ತಾ?”

ನಾನು ಸುಮ್ಮನಿದ್ದುಬಿಡಬಹುದಿತ್ತು. ಆದರೆ ನನ್ನನ್ನು ಗುರುತಿಸದ ಆ ಹುಡುಗನ ನೋಟ ಕಣ್ಣ ಮುಂದಿತ್ತು.

“ನನಗೆ ಗೊತ್ತಿತ್ತು, ಮೇಡಂ. ದೊಡ್ಡಮ್ಮ ಬಂದು ಹೇಳಿದ್ರು. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ.”

ಬೈಗುಳ ಬರುತ್ತದೆ ಎಂದು ಕಾದೆ. ಮೇಡಂ ನನ್ನ ಕಡೆ ನೋಡಿ ಒಮ್ಮೆ ತಲೆಯಾಡಿಸಿದರು, ಅಷ್ಟೇ. ನಂತರ ಎದ್ದು ಸ್ವತಃ ಅಡುಗೆಮನೆಗೆ ಹೋಗಿ ದೊಡ್ಡಮ್ಮನನ್ನು ಕರೆದುಕೊಂಡು ಬಂದರು. ತಮ್ಮ ಪಕ್ಕದ ಕುರ್ಚಿ ಎಳೆದು, “ಕೂತ್ಕೊಳ್ಳಿ,” ಎಂದರು.

“ನಾನ್ಯಾಕೆ ದೊಡ್ಡ ಮೇಡಂ, ಇಲ್ಲೇ ನಿಂತ್ಕೊಂತೀನಿ.”

“ಈ ವಿಷಯ ನಿಮಗೆ ಗೊತ್ತಿದ್ದಷ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದೋರು ಕೂತು ಹೇಳಬೇಕು, ನಾವು ಕೇಳಬೇಕು.”

ದೊಡ್ಡಮ್ಮ ಕುರ್ಚಿಯ ತುದಿಯಲ್ಲಿ ಕೂತರು. ಆದರೆ ಮಾತು ಶುರು ಮಾಡಿದ ಮೇಲೆ ತಡವರಿಸಲಿಲ್ಲ. ಚಿತ್ರ ಬರೆಯುವ ಹುಡುಗನೂ ಸೇರಿ ಐದು ಹುಡುಗರು ಯಾರು ಯಾರು, ಯಾವ ವಾರದಿಂದ ಯಾರು ಊಟ ಬಿಟ್ಟರು, ಯಾರು ಇನ್ನೂ ಅರ್ಧ ತಿನ್ನುತ್ತಾರೆ, ಎಲ್ಲ ಹೇಳಿದರು. ನೀರಿನ ಟ್ಯಾಂಕಿನ ಹಿಂದೆ ಕಾಂಪೌಂಡ್ ಗೋಡೆ ಬಿದ್ದಿದೆ, ಪ್ರಾರ್ಥನೆಗೆ ಮುಂಚೆ ಅಲ್ಲಿ ಸೇರುತ್ತಾರೆ ಎಂದರು. ಒಬ್ಬ ಮೇಷ್ಟ್ರು, “ಇಷ್ಟೆಲ್ಲ ನೀವು ಯಾವಾಗ ನೋಡಿದ್ರಿ?” ಎಂದು ಕೇಳಿದರು.

“ದಿನಾ ಅವ್ರ ಮುಖ ನೋಡ್ಕೊಂಡೇ ಬಡಿಸ್ತೀನಲ್ಲ ಸಾರ್. ಬಗ್ಗಿ ತಟ್ಟೆಗೆ ಹಾಕೋವಾಗ ಮುಖ ಹತ್ರ ಬತ್ತದೆ.”

ಟಿ.ಸಿ.ಯ ಮಾತು ಅಲ್ಲಿಗೆ ನಿಂತಿತು.

ಮೇಡಂ ಮತ್ತು ನಾನು ಟ್ಯಾಂಕಿನ ಹಿಂದೆ ಹೋಗಿ ನೋಡಿದೆವು. ಅಂಟು ಒಣಗಿ ರಟ್ಟಿನ ಹಾಗೆ ಗಟ್ಟಿಯಾದ ನಾಲ್ಕಾರು ಕರ್ಚೀಫುಗಳು, ಸೈಕಲ್ ಟ್ಯೂಬಿಗೆ ಪಂಚರ್ ಹಾಕುವ ಸಲ್ಯೂಷನ್ನಿನ ಖಾಲಿ ಟ್ಯೂಬುಗಳು. ಗಾಂಜಾ, ಮಾತ್ರೆ, ಸೂಜಿ ಎಂದೆಲ್ಲ ನಾನು ಮಕ್ಕಳಿಗೆ ಪಾಠ ಹೇಳಿದ್ದೆ. ಸ್ಕೂಲಿನ ಎದುರಿನ ಸೈಕಲ್ ಶಾಪಿನಲ್ಲಿ ಸಿಗುವ ಈ ವಸ್ತುವಿನ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ಮೇಡಂ ಒಂದು ಕರ್ಚೀಫನ್ನು ಕಾಗದದಲ್ಲಿ ಸುತ್ತಿ ನೆಟ್ಟಗೆ ಆ ಶಾಪಿಗೆ ನಡೆದರು. ನಾನೂ ಹಿಂದೆಯೇ ಹೋದೆ. ಅಂಗಡಿಯವರು ವಯಸ್ಸಾದವರು. ಮೇಡಂರನ್ನು ಕಂಡೊಡನೆ, “ಆಯಿಯೇ ಆಪಾ,” ಎಂದು ಎದ್ದು ಸ್ಟೂಲು ಒರೆಸಿದರು. ಮೇಡಂ ಕೂರಲಿಲ್ಲ. ಕಾಗದ ಬಿಚ್ಚಿ ಕರ್ಚೀಫನ್ನು ಮುಂದಿಟ್ಟು, “ಭಾಯಿ, ವಾಸನೆ ನೋಡಿ,” ಎಂದರು. ಅವರು ಮೂಗಿನ ಹತ್ತಿರ ತಂದು, ಏನೂ ತಿಳಿಯದೆ ನಮ್ಮ ಮುಖ ನೋಡಿದರು.

“ಇದು ನಮ್ಮ ಒಂಬತ್ತನೇ ಕ್ಲಾಸಿನ ಮಗು ಉಸಿರಾಡಿದ ಬಟ್ಟೆ,” ಎಂದರು ಮೇಡಂ.

ಆ ಮನುಷ್ಯ ಬಟ್ಟೆಯನ್ನು ಕೆಳಗಿಟ್ಟರು. “ಸೈಕಲಿಗೆ ಅಂತ ಕೇಳ್ತಾರೆ, ಕೊಡ್ತೀನಿ. ಇಷ್ಟೊಂದು ಸೈಕಲ್ ಪಂಚರ್ ಆಗ್ತಾವಾ ಅಂತ ನಾನು ಯೋಚನೆ ಮಾಡ್ಬೇಕಿತ್ತು ಆಪಾ. ಮಾಡ್ಲಿಲ್ಲ.”

ಅಂದಿನಿಂದ ಅವರು ಮಕ್ಕಳ ಕೈಗೆ ಟ್ಯೂಬು ಕೊಡಲಿಲ್ಲ. “ಸೈಕಲ್ ತಗೊಂಡ್ ಬಾ ಬೇಟಾ, ನಾನೇ ಹಾಕ್ಕೊಡ್ತೀನಿ,” ಎನ್ನುತ್ತಿದ್ದರು. ಪಕ್ಕದ ಬೀದಿಯ ಅಂಗಡಿಗಳಿಗೂ ತಾವೇ ಹೋಗಿ ಹೇಳಿ ಬಂದರೆಂದು ಆಮೇಲೆ ತಿಳಿಯಿತು.

ಐವರ ಮನೆಗೂ ಒಂದೊಂದಾಗಿ ಹೋದೆವು. ಆ ವಾರವೇ ಮೊದಲು ಹೋದದ್ದು ಚಿತ್ರದ ಹುಡುಗನ ಮನೆಗೆ. ಅಪ್ಪ ದೂರದ ಊರುಗಳಿಗೆ ಲಾರಿ ಓಡಿಸುವವರು, ತಿಂಗಳಿಗೊಮ್ಮೆ ಬರುವವರು. ತಾಯಿ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ದಿನವಿಡೀ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುವ ಕೈ, ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ನಮ್ಮನ್ನು ಕಂಡು ಅವರ ಮುಖ ಇಳಿದುಹೋಯಿತು.

“ಟಿ.ಸಿ. ತಂದಿದೀರಾ ಮೇಡಂ?”

“ಟಿ.ಸಿ. ಅಲ್ಲಮ್ಮ. ನಿಮ್ಮ ಮನೇಲಿ ಕಾಫಿ ಕುಡಿಯೋಣ ಅಂತ ಬಂದ್ವಿ,” ಎಂದು ಮೇಡಂ ಚಾಪೆಯ ಮೇಲೆ ಕೂತುಬಿಟ್ಟರು.

ಆ ತಾಯಿ ಅಳಲು ಶುರು ಮಾಡಿದ್ದು ಆಗಲೇ. ಮಗ ಏನೋ ಮಾಡಿಕೊಳ್ಳುತ್ತಿದ್ದಾನೆ ಎಂದು ಅವರಿಗೂ ಅನುಮಾನ ಇತ್ತಂತೆ. ಅಂಗಿಯ ವಾಸನೆ ಕೇಳಿದರೆ, ಸ್ಕೂಲಲ್ಲಿ ಚಾರ್ಟ್ ಅಂಟಿಸಿದ್ದು ಎನ್ನುತ್ತಿದ್ದನಂತೆ. ಬಾಗಿಲ ಹಿಂದೆ ನಿಂತಿದ್ದ ಹುಡುಗನನ್ನು ಮೇಡಂ ಕರೆದರು. ಅವನು ಬಂದು ಗೋಡೆಗೆ ಒರಗಿ ನಿಂತ. ಅವರು ತಟ್ಟೆಯ ವಿಷಯ ತೆಗೆಯಲೇ ಇಲ್ಲ.

“ನಿನಗೆ ಮೈ ಹುಷಾರಿಲ್ಲ ಅಂತ ನನಗೆ ತಡವಾಗಿ ಗೊತ್ತಾಯ್ತಪ್ಪ. ಡಾಕ್ಟರ ಹತ್ರ ಹೋಗಣ. ನಿನ್ನ ಸೈನ್ಸ್ ಮಿಸ್ ಕರ್ಕೊಂಡ್ ಹೋಗ್ತಾರೆ. ಗುಣ ಆದ ಮೇಲೆ ಆ ಹುಡುಗನ ಹತ್ರ ಕ್ಷಮೆ ಕೇಳೋದೂ ಇದೆ. ಅದನ್ನ ನೀನೇ ಕೇಳಬೇಕು, ನಿನ್ನ ಪರವಾಗಿ ನಾನು ಕೇಳಲ್ಲ.”

ಮುಂದಿನ ಸೋಮವಾರ ನಾನು ತಾಯಿ ಮಗನನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮನೋವೈದ್ಯರು ಹುಡುಗನ ಜೊತೆ ಮಾತ್ರ ಮುಕ್ಕಾಲು ಗಂಟೆ ಮಾತಾಡಿದರು. ಹೊರಗೆ ಬಂದು ನಮಗೆ ಹೇಳಿದರು. ಮೊದಲ ಕೆಲವು ವಾರ ಸಿಡುಕು, ತಲೆನೋವು, ನಿದ್ದೆ ಬಾರದಿರುವುದು ಇರುತ್ತದೆ. ಒಂಟಿ ಬಿಡಬೇಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿಸಿ, ಹೊಡೆಯಬೇಡಿ, ವಾರವಾರ ಕರೆತನ್ನಿ. ಮತ್ತೆ ಒಮ್ಮೆ ಜಾರಿದರೆ ಎಲ್ಲ ಹಾಳಾಯಿತು ಎಂದು ಕೈಬಿಡಬೇಡಿ.

ವಾಪಸ್ಸು ಬಸ್ಸಿನಲ್ಲಿ ತಾಯಿ ನಿದ್ದೆಹೋದರು. ಹುಡುಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ ನನ್ನೊಡನೆ ಮೊದಲ ಸಲ ಮಾತಾಡಿದ.

“ಮಿಸ್, ಅದನ್ನ ಎಳೆದ್ರೆ ಭಯ ಆಗಲ್ಲ.”

“ಯಾರ ಭಯ?”

“ಬಸ್ ಸ್ಟಾಪ್ ಹತ್ರ ಅಣ್ಣಂದಿರು ಇರ್ತಾರೆ. ಹಿಂದಿನ ವರ್ಷ ನಮ್ಮ ಸ್ಕೂಲಲ್ಲೇ ಇದ್ದೋರು. ದಿನಾ ನಿಲ್ಲಿಸ್ತಾರೆ. ಬ್ಯಾಗ್ ಕಿತ್ಕೊಳ್ತಾರೆ, ಹೊಡೀತಾರೆ. ಮೊದ್ಲು ಅವ್ರೇ ಕೊಟ್ಟಿದ್ದು. ಬೇಡ ಅಂದ್ರೆ ಕಪಾಳಕ್ಕೆ ಹೊಡೆದ್ರು. ಆಮೇಲೆ ಅದೇ ಅಭ್ಯಾಸ ಆಯ್ತು.”

ನಾನು ದಿನಾ ಅದೇ ಸ್ಟಾಪಿನಲ್ಲಿ ಬಸ್ಸು ಹತ್ತುತ್ತಿದ್ದೆ. ಆದರೆ ನಾನು ಬರುತ್ತಿದ್ದುದು ಐದಕ್ಕೆ, ಮಕ್ಕಳು ಹೋಗುತ್ತಿದ್ದುದು ನಾಲ್ಕೂವರೆಗೆ. ಆ ಅರ್ಧ ಗಂಟೆಯಲ್ಲಿ ಅಲ್ಲಿ ಏನು ನಡೆಯುತ್ತಿದೆ ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮೇಡಂಗೆ ವಿಷಯ ತಿಳಿಸಿದೆ. ಅವರು ಪೊಲೀಸ್ ಠಾಣೆಗೆ ಹೋಗಿ, ಶಾಲೆ ಬಿಡುವ ಹೊತ್ತಿಗೆ ಒಬ್ಬರು ಆ ಕಡೆ ಬಂದು ಹೋಗುವಂತೆ ಕೇಳಿಕೊಂಡರು. ಮೇಷ್ಟ್ರುಗಳು ಸರದಿಯ ಮೇಲೆ ಮಕ್ಕಳ ಜೊತೆ ಸ್ಟಾಪಿನ ತನಕ ನಡೆಯಬೇಕು ಎಂದೂ ತೀರ್ಮಾನವಾಯಿತು. ಅದೆಲ್ಲ ಸರಿಯಾಗಿಯೇ ನಡೆಯಿತು. ಆದರೆ ಪೊಲೀಸಿನವರನ್ನು ಕಂಡಾಗ ಚದುರುತ್ತಿದ್ದ ಆ ಹುಡುಗರು ಅವರು ಹೋದ ಮೇಲೆ ಮತ್ತೆ ಬಂದು ನಿಲ್ಲುತ್ತಿದ್ದರು. ಆಗ ದೊಡ್ಡಮ್ಮ, “ಪಾತ್ರೆ ತೊಳೆದ ಮೇಲೆ ನಂಗೇನು ಕೆಲಸ? ನಾನೇ ಹೋಗಿ ಕೂತ್ಕೊಂತೀನಿ,” ಎಂದರು.

ಅವರೆಕಾಯಿಯ ಕಾಲ. ದಿನಾ ಸಂಜೆ ದೊಡ್ಡಮ್ಮ ಒಂದು ಚೀಲ ಅವರೆಕಾಯಿ ಹಿಡಿದುಕೊಂಡು ಬಂದು ಸ್ಟಾಪಿನ ಕಟ್ಟೆಯ ಮೇಲೆ ಕೂತು ಸುಲಿಯುತ್ತಿದ್ದರು. ಮಕ್ಕಳು ಅವರ ಸುತ್ತ ನಿಲ್ಲುತ್ತಿದ್ದರು. ಹೆಣ್ಣುಮಕ್ಕಳು ತಾವೂ ಕೂತು ಕಾಯಿ ಸುಲಿಯುತ್ತಿದ್ದರು. ಕೊನೆಯ ಮಗು ಬಸ್ಸು ಹತ್ತುವ ತನಕ ಅವರು ಏಳುತ್ತಿರಲಿಲ್ಲ.

ಒಂದು ದಿನ ನಾನೂ ಬೇಗ ಹೊರಟು ಸ್ಟಾಪಿಗೆ ಬಂದಿದ್ದೆ. ರಸ್ತೆಯ ಆ ಕಡೆ ಮೂವರು ಹುಡುಗರು ಬೈಕಿಗೆ ಒರಗಿ ನಿಂತಿದ್ದರು. ಅವರಲ್ಲಿ ಎತ್ತರದವನು ಸರಸರನೆ ರಸ್ತೆ ದಾಟಿ ಬಂದು ಚಿತ್ರದ ಹುಡುಗನ ಕಾಲರ್ ಹಿಡಿದ. “ಏನೋ, ಹೇಳ್ಬಿಟ್ಯಂತೆ ಟೀಚರ್ ಹತ್ರ?” ನಾನು ಹೆದರಿ ಕೂಗಿದೆ. ನಿಂತಲ್ಲಿಂದ ಮುಂದೆ ಮಾತ್ರ ಹೋಗಲಿಲ್ಲ. ದೊಡ್ಡಮ್ಮ ಮಡಿಲಲ್ಲಿದ್ದ ಕಾಯಿಯನ್ನೆಲ್ಲ ನೆಲಕ್ಕೆ ಚೆಲ್ಲಿ ಎದ್ದು ಹೋಗಿ ಇಬ್ಬರ ನಡುವೆ ನಿಂತರು. ಅವನ ಎದೆಯ ಮಟ್ಟಕ್ಕೆ ಅವರ ತಲೆ.

“ಬಿಡು ನಾಯ್ನಾ, ಕೈ ಬಿಡು.”

“ನೀನು ಸರಿ ಆ ಕಡೆ.” ಅವನು ಭುಜ ಹಿಡಿದು ತಳ್ಳಿದ. ದೊಡ್ಡಮ್ಮ ತತ್ತರಿಸಿದರು, ಆದರೆ ಬೀಳಲಿಲ್ಲ. ಮತ್ತೆ ಅದೇ ಜಾಗಕ್ಕೆ ಬಂದು ನಿಂತರು. ಕತ್ತೆತ್ತಿ ಅವನ ಮುಖವನ್ನೇ ನೋಡಿದರು.

“ನಿಂಗೆ ನಾನು ಮೂರು ವರ್ಷ ಬಡಿಸಿದೀನಿ. ಸೊಪ್ಪಿನ ಸಾರು ಇದ್ದ ದಿನ ಮೂರು ಸಲ ಹಾಕಿಸ್ಕೊಂತಿದ್ದೆ. ನಿಮ್ಮಮ್ಮ ಆಸ್ಪತ್ರೇಲಿದ್ದಾಗ ತಂಗಿಗೂ ಬೇಕು ದೊಡ್ಡಮ್ಮ ಅಂತ ಡಬ್ಬಿ ತಂದಿದ್ದೆ. ಮರೆತ್ಬಿಟ್ಯೇನೋ?”

ಅವನ ಕೈ ಸಡಿಲವಾಯಿತು. ಅಷ್ಟು ಹೊತ್ತಿಗೆ ಸೈಕಲ್ ಶಾಪಿನವರು, ಹೂವು ಮಾರುವಾಕೆ, ಆಟೋದವರು ಎಲ್ಲ ಬಂದು ಸುತ್ತ ನಿಂತರು. ಯಾರೋ ಹೊಡೆಯಲು ಕೈ ಎತ್ತಿದರು. ದೊಡ್ಡಮ್ಮ, “ಯಾರೂ ಮುಟ್ಬೇಡಿ,” ಎಂದು ಗದರಿದರು. ಮತ್ತೆ ಅವನ ಕಡೆ ತಿರುಗಿ, “ನೀನೂ ಅದನ್ನೇ ಎಳೀತೀಯ ಅಂತ ನಿನ್ನ ಮೂಗು ನೋಡಿದ್ರೆ ಗೊತ್ತಾಗ್ತದೆ. ಸ್ಕೂಲಿಗೆ ಬಾ. ದೊಡ್ಡ ಮೇಡಂ ಹತ್ರ ನಾನು ಮಾತಾಡ್ತೀನಿ,” ಎಂದರು.

ಅವನು ರಸ್ತೆ ದಾಟಿ ಹೋದ. ದೊಡ್ಡಮ್ಮ ಕೂತು ಮಣ್ಣಾಗಿದ್ದ ಕಾಯಿ ಆರಿಸತೊಡಗಿದರು. ನಾನೂ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಆರಿಸಿದೆ. ಏನಾದರೂ ಹೇಳಬೇಕು ಎನಿಸಿ, “ಅವತ್ತು ನಿಮ್ಮ ಮಾತು ಕೇಳಬೇಕಿತ್ತು, ದೊಡ್ಡಮ್ಮ,” ಎಂದೆ. “ಈಗ ಕೇಳಿದ್ರಲ್ಲ, ಬಿಡಿ,” ಎಂದರು.

ಆ ಎತ್ತರದ ಹುಡುಗ ಸುಮಾರು ಒಂದು ವಾರದ ಮೇಲೆ ಗೇಟಿನ ಹತ್ತಿರ ಬಂದು ನಿಂತಿದ್ದ. ಮೇಡಂ ಒಳಗೆ ಕರೆದು ತಮ್ಮ ಟಿಫನ್ ಡಬ್ಬಿ ಬಿಚ್ಚಿ ಅವನ ಮುಂದಿಟ್ಟರು. ಅವನಿಗೂ ಆಸ್ಪತ್ರೆಯ ದಾರಿ ತೋರಿಸಿದ್ದಾಯಿತು. ಎರಡು ಸಲ ಹೋಗಿ ಬಂದ, ಆಮೇಲೆ ಬಿಟ್ಟ. ಈಗ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಪೂರ್ತಿ ಬಿಟ್ಟಿದ್ದಾನೋ ಇಲ್ಲವೋ ನನಗೆ ತಿಳಿಯದು. ಬಸ್ ಸ್ಟಾಪಿಗೆ ಮಾತ್ರ ಮತ್ತೆ ಬಂದು ನಿಲ್ಲಲಿಲ್ಲ.

ಚಿತ್ರದ ಹುಡುಗ ಒಂದೇ ಏಟಿಗೆ ಸುಧಾರಿಸಲಿಲ್ಲ. ಸಂಕ್ರಾಂತಿ ರಜೆ ಮುಗಿಸಿ ಬಂದ ಎರಡನೇ ದಿನ ದೊಡ್ಡಮ್ಮ ನನ್ನನ್ನು ಕರೆದು, “ಇವತ್ತು ಮತ್ತೆ ಸುರಿದ,” ಎಂದರು. ಈ ಸಲ ನಾನು ಕಾಯಲಿಲ್ಲ. ಅದೇ ಮಧ್ಯಾಹ್ನ ಅವನನ್ನು ಲ್ಯಾಬಿಗೆ ಕರೆದು ಕೂರಿಸಿಕೊಂಡೆ. ಅವನು ಅತ್ತ. “ಆಗಲ್ಲ ಮಿಸ್ ನನ್ನ ಕೈಲಿ,” ಎಂದ. “ಡಾಕ್ಟ್ರು ಮೊದ್ಲೇ ಹೇಳಿದ್ರಲ್ಲ, ಹಿಂಗಾಗುತ್ತೆ ಅಂತ. ನಾಳೆ ಮತ್ತೆ ಹೋಗಣ,” ಎಂದೆ. ಹೋದೆವು. ಆ ವರ್ಷ ಅವನೊಡನೆ ಎಷ್ಟು ಸಲ ಆ ಬಸ್ಸಿನಲ್ಲಿ ಓಡಾಡಿದೆನೋ ಲೆಕ್ಕವಿಲ್ಲ. ಅವನ ತಾಯಿ ಒಮ್ಮೊಮ್ಮೆ ಕೆಲಸ ಬಿಟ್ಟು ಬರಲಾಗದಿದ್ದಾಗ ದೊಡ್ಡಮ್ಮನೇ ಜೊತೆಗೆ ಬರುತ್ತಿದ್ದರು.

ಲೀಡರ್ ಹುಡುಗನ ಬಳಿ ಅವನು ಕ್ಷಮೆ ಕೇಳಿದ್ದು ಫೆಬ್ರವರಿಯಲ್ಲಿ. ಮೇಡಂ ಬಲವಂತ ಮಾಡಿರಲಿಲ್ಲ. ಒಂದು ದಿನ ತಾನಾಗಿಯೇ ಹೋಗಿ ಕೇಳಿದ. ಆ ಹುಡುಗ, “ಸರಿ,” ಎಂದನಂತೆ, ಅಷ್ಟೇ. ಅವರು ಸ್ನೇಹಿತರೇನೂ ಆಗಲಿಲ್ಲ. ಮಾತಾಡಿಸಲೇಬೇಕು ಎಂದು ನಾವ್ಯಾರೂ ಹೇಳಲಿಲ್ಲ. ಆದರೆ ಮರುವಾರ ಶನಿವಾರ ಬೆಳಗ್ಗೆ ಶಾಲೆಗೆ ಬಂದರೆ ಟ್ಯಾಂಕಿನ ಹಿಂದೆ ಇಟ್ಟಿಗೆಯ ರಾಶಿ. ಲೀಡರ್ ಹುಡುಗನ ಅಪ್ಪ, ಆ ಮೇಸ್ತ್ರಿ, ಇಬ್ಬರು ಆಳುಗಳ ಜೊತೆ ಬಂದು ಬಿದ್ದ ಗೋಡೆ ಕಟ್ಟುತ್ತಿದ್ದರು. ಮೇಡಂ ಹೋಗಿ ಏನೋ ಹೇಳಲು ಬಾಯಿ ತೆರೆದರು. ಅವರು ಕರಣೆ ನಿಲ್ಲಿಸದೆ, “ನೀವು ಅವತ್ತು ನಿಮ್ಮ ತಪ್ಪು ಅಂದ್ರಿ ಮೇಡಂ. ಈ ಗೋಡೆ ಬಿದ್ದು ವರ್ಷ ಆಯ್ತು, ನಾನೂ ಇದೇ ದಾರೀಲಿ ದಿನಾ ಓಡಾಡ್ತಿದ್ದೆ,” ಎಂದರು.

ಆ ವರ್ಷದಿಂದ ಪ್ರತಿ ಶನಿವಾರ ಹತ್ತು ನಿಮಿಷ ದೊಡ್ಡಮ್ಮ ನಮ್ಮ ಸ್ಟಾಫ್ ರೂಮಿಗೆ ಬಂದು ಕೂರುವ ಪದ್ಧತಿಯಾಯಿತು. ಯಾವ ಮಗು ತಿನ್ನುತ್ತಿಲ್ಲ, ಯಾರು ಒಂಟಿಯಾಗಿ ಕೂರುತ್ತಾರೆ, ಯಾವ ಹುಡುಗಿಯ ಕೈಮೇಲೆ ಬಾಸುಂಡೆ ಇದೆ, ಹೇಳುತ್ತಿದ್ದರು. ಪ್ರತಿ ಮಾತಿನ ಹಿಂದೆಯೂ ದೊಡ್ಡ ಸಂಗತಿ ಇರುತ್ತಿರಲಿಲ್ಲ. ಒಮ್ಮೆ ಒಬ್ಬನಿಗೆ ಬರೀ ಹಲ್ಲುನೋವು. ಇನ್ನೊಮ್ಮೆ ಒಬ್ಬ ಹುಡುಗಿಯ ಕೈಮೇಲಿನ ಗಾಯದ ಹಿಂದೆ ಹೋದಾಗ, ಮನೆಯಲ್ಲಿ ಅವಳನ್ನು ಬೆಲ್ಟಿನಿಂದ ಹೊಡೆಯುತ್ತಿದ್ದರೆಂದು ತಿಳಿದು, ಮಕ್ಕಳ ರಕ್ಷಣೆಯ ಅಧಿಕಾರಿಗಳನ್ನು ಕರೆಸಿ ಅದನ್ನು ನಿಲ್ಲಿಸಿದ್ದೂ ಉಂಟು.

ಐವರಲ್ಲಿ ನಾಲ್ವರು ಎಸ್ಸೆಸ್ಸೆಲ್ಸಿ ಮುಗಿಸಿದರು. ಚಿತ್ರದ ಹುಡುಗ ಈಗ ಐಟಿಐ ಓದುತ್ತಿದ್ದಾನೆ. ಬಿಡುವಿನಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಾನೆ. ಐದನೆಯವನು ಮಾತ್ರ ಆ ಬೇಸಿಗೆಯಲ್ಲೇ ಶಾಲೆ ಬಿಟ್ಟ. ಮನೆಯವರು ಊರು ಬಿಟ್ಟಿದ್ದರು, ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ನನಗೆ ತೊಂಡೇಬಾವಿ ಕಡೆಯ ಶಾಲೆಗೆ ವರ್ಗವಾಯಿತು, ಮೇಡಂ ನಿವೃತ್ತರಾದರು.

ಕಳೆದ ಬೇಸಿಗೆಯಲ್ಲಿ ದೊಡ್ಡಮ್ಮನ ಫೋನು ಬಂತು. ಸಂಬಂಧಿಕರ ಮದುವೆಗೆಂದು ಚಿಂತಾಮಣಿಗೆ ಹೋಗಿದ್ದರಂತೆ. ಟೊಮೇಟೊ ಮಂಡಿಯ ಮುಂದೆ ಕ್ರೇಟು ಹೊರುತ್ತಿದ್ದವನನ್ನು ನೋಡಿ, ಗಡ್ಡ ಬಂದಿದ್ದರೂ ಆ ಐದನೆಯ ಹುಡುಗನೇ ಎಂದು ಗುರುತು ಹಿಡಿದಿದ್ದರು.

“ಟೀಚರಮ್ಮ, ಅವನ ಫೋನ್ ನಂಬರ್ ಇಸ್ಕೊಂಡಿದೀನಿ. ಓದು ಮುಗಿಸ್ತೀಯೇನೋ ಅಂದೆ. ಈ ವಯಸ್ಸಲ್ಲಿ ಯಾರು ಸೇರಿಸ್ಕೊಂತಾರೆ ಅಂದ. ದೊಡ್ಡ ಮೇಡಂಗೆ ಫೋನ್ ಮಾಡ್ದೆ, ಪರೀಕ್ಷೆ ಹೊರಗಿಂದ ಕಟ್ಟಿ ಬರೀಬಹುದು ಅಂದ್ರು. ಭಾನುವಾರ ಮೂರು ಜನಾನೂ ಹೋಗಣ, ಬತ್ತೀರಾ?”

ಹೋದೆವು. ಮಂಡಿಯ ಪಕ್ಕದ ಹೋಟೆಲಿನಲ್ಲಿ ನಾಲ್ವರೂ ಕೂತು ಇಡ್ಲಿ ತಿಂದೆವು. ಹುಡುಗ ಮೊದಲು ಮುಖ ಎತ್ತಲಿಲ್ಲ. ಅದನ್ನು ಬಿಟ್ಟು ಬಹಳ ದಿನವಾಯಿತು ಎಂದ. ನಿಜವಿರಬಹುದು ಎನಿಸಿತು. ಮೇಡಂ ಬ್ಯಾಗಿನಿಂದ ಎಸ್ಸೆಸ್ಸೆಲ್ಸಿ ಗಣಿತದ ಪುಸ್ತಕ ತೆಗೆದು ಅವನ ಮುಂದಿಟ್ಟು, ಅಲ್ಲೇ ಟೇಬಲ್ಲಿನ ಮೇಲೆ ಮೊದಲ ಅಧ್ಯಾಯದ ಒಂದು ಲೆಕ್ಕ ಬಿಡಿಸಿ ತೋರಿಸತೊಡಗಿದರು. ಅವನು ಬಗ್ಗಿ ನೋಡಿದ. ಎರಡನೆಯದನ್ನು ತಾನೇ ಮಾಡಲು ಪೆನ್ನು ಕೇಳಿದ.